ದೂರುಗಳು: ಸೊನ್ನೆ

ರಾತ್ರಿ ಎರಡೂಕಾಲು. ಅಜ್ಮಾನಿನ ಈ ಬೀದಿಯಲ್ಲಿ
ಇಸ್ತ್ರಿ ಅಂಗಡಿಯ ಬೋರ್ಡೊಂದೇ ಎಚ್ಚರ.
ಮುಂದೆ ಪೊಲೀಸ್ ಕಾರು, ಸೈರನ್ನಿಲ್ಲದೆ
ಬರೀ ನೀಲಿ ಬೆಳಕು ತಿರುಗಿಸುತ್ತ,
ಹಿಂದೆ ತೊಂಬತ್ತಾರು ಚಕ್ರದ ಟ್ರೇಲರು.
ಅದರ ಮೇಲೆ ಬಿಳಿ ಪ್ಲಾಸ್ಟಿಕ್ ಹೊದ್ದು
ಇಡೀ ಒಂದು ಕೋಣೆ,
ಗೋಡೆ, ತಂತಿ, ತಣ್ಣೀರಿನ ಕೊಳವೆ,
ಬಾಗಿಲಿಗೆ ಹಾಕಿದ ಬೀಗ ಸಮೇತ
ಊರೊಳಗೆ ಬರುತ್ತಿದೆ.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ ನಮ್ಮ ಕಡೆ,
ಇಲ್ಲಿ ಯಾರೂ ನೋಡುವುದಿಲ್ಲ, ನಿದ್ದೆಯಲ್ಲಿದ್ದಾರೆ.
ಕಟ್ಟಿದ್ದು ಬೇರೆ ಕಡೆ,
ಹಮ್ರಿಯಾದ ಯಾರ್ಡಿನಲ್ಲಿ, ಏಳು ತಿಂಗಳು.

ನಾನು ಸಿಗ್ನಲ್ ಕೊಡುವವನು. ಕ್ರೇನಿಗೆ ನನ್ನ ಕೈಯೇ ಕಣ್ಣು.
ವಾಕಿಟಾಕಿಯೂ ಬೇಡ ಅಂದಿದ್ದಾರೆ ಈ ರಾತ್ರಿ:
ಎದುರಿಗೆ ಹೆರಿಗೆ ಆಸ್ಪತ್ರೆ,
ಪಕ್ಕದಲ್ಲಿ ಶಾಲೆ, ನಾಳೆ ಪರೀಕ್ಷೆ.
ತೋರುಬೆರಳು ಮೇಲೆ, ಸಣ್ಣ ಸುತ್ತು: ಎತ್ತು.
ಅದೇ ಬೆರಳು ಕೆಳಗೆ: ಇಳಿಸು.
ಮುಷ್ಟಿ: ಹಾಗೇ ಇರು.
ಮೇಲೆ ಗಾಜಿನ ಗೂಡಿನಲ್ಲಿ ನೇಪಾಳದ ರೋಕಾ.
ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ;
ಹನ್ನೊಂದು ವರ್ಷ ಹೀಗೇ ಮಾತಾಡಿದ್ದೇವೆ.

ನಲವತ್ತೆರಡು ಟನ್ನು. ತಪ್ಪಿದರೆ ಮೂರು ಮಿಲಿಮೀಟರು ಮಾಫಿ.
ಮೂಲೆಯಲ್ಲೊಂದು ಪುಟ್ಟ ಸ್ಟಿಕ್ಕರು,
ಅದರ ಹೊಟ್ಟೆಯೊಳಗೆ ಗಾಜಿನ ಕಡ್ಡಿ.
ದಾರಿಯಲ್ಲಿ ಎಲ್ಲಾದರೂ ಜೋರಾಗಿ ಕುಲುಕಿದರೆ
ಕೆಂಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ.
ಎಂಜಿನಿಯರ್ ನಿಸ್ರೀನ್ ಟಾರ್ಚು ಹಿಡಿದು
ಮೊದಲು ನೋಡುವುದು ಅದನ್ನೇ.

ಮಲಗಿದ ಕೂಸನ್ನು ಜೋಳಿಗೆಗೆ ಇಳಿಸಿದ ಮೇಲೆ
ಕೈ ತಟ್ಟನೆ ಎಳೆದುಕೊಳ್ಳಬಾರದು.
ಅವ್ವ ಹೇಳಿದ್ದಲ್ಲ ಇದು, ಮಾಡುತ್ತಿದ್ದದ್ದು.
ಗಂಗಾವತಿಯಲ್ಲಿ ಯಾರದೋ ಮಾಳಿಗೆ ಏಳುವಾಗ
ಸಾರುವೆಯ ಬೊಂಬಿಗೆ ಸೀರೆ ಕಟ್ಟಿ ತಂಗಿಯನ್ನು ಮಲಗಿಸಿ
ಸಿಮೆಂಟಿನ ಪುಟ್ಟಿ ತಲೆಗೇರಿಸುತ್ತಿದ್ದಳು.
ಅಲ್ಲಿ ಕಟ್ಟುವುದೆಂದರೆ ಓಣಿಗೆಲ್ಲ ಗೊತ್ತು:
ಜಲ್ಲಿಯ ಲಾರಿ, ಮೇಸ್ತ್ರಿಯ ಬೈಗುಳ,
ಎದುರುಮನೆಯವರ ಗೊಣಗಾಟ, ಆಮೇಲೆ ಅವರದೇ ಚಹಾ.

ಹಾಗಂತ ಸದ್ದು ಸತ್ತಿಲ್ಲ. ಜಾಗ ಬದಲಿಸಿದೆ.
ಏಳು ತಿಂಗಳ ಗ್ರೈಂಡರು, ಸುತ್ತಿಗೆ, ಕಬ್ಬಿಣದ ಕಿರುಚಾಟ
ಯಾರ್ಡಿನ ತಗಡಿನಡಿಯೇ ಉಳಿದಿದೆ,
ಅದರ ಬೇಲಿಗೆ ತಾಗಿ ನಮ್ಮ ಕ್ಯಾಂಪು.
ವೆಲ್ಡರ್ ಇಳವರಸುವಿನ ಎಡಗಿವಿಯಲ್ಲಿ ಉಳಿದಿದೆ;
ಊಟಕ್ಕೆ ಕರೆಯಬೇಕೆಂದರೆ ಬಲಕ್ಕೆ ಬಂದು ಕೂರಬೇಕು.
ವರದಿಯಲ್ಲೊಂದು ಸಾಲಿದೆ:
ನೆರೆಹೊರೆಯವರ ದೂರುಗಳು, ಸೊನ್ನೆ.
ನಾವು ನೆರೆಯೂ ಅಲ್ಲ, ಹೊರೆಯೂ ಅಲ್ಲ.

ಆದರೂ ಈ ಕೆಲಸ ನನಗಿಷ್ಟ, ಸುಳ್ಳು ಹೇಳಬಾರದು.
ಆಸ್ಪತ್ರೆಯ ಮೂರನೇ ಮಹಡಿಯ ಕಿಟಕಿಯಲ್ಲಿ
ಯಾರೋ ಒಬ್ಬಳು ಕೂಸು ಹೊತ್ತು
ಆಚೆಯಿಂದೀಚೆ ನಡೆಯುತ್ತಿದ್ದಾಳೆ.
ಒಮ್ಮೆ ನಿಂತು ನೋಡಿದಳು:
ಆಕಾಶದಲ್ಲೊಂದು ಕೋಣೆ ತೂಗುತ್ತಿದೆ.
ಮುಷ್ಟಿ ಹಿಡಿದೆ. ರೋಕಾ ನಿಲ್ಲಿಸಿದ.
ಗಾಳಿ ಕಳೆಯಲಿ ಅಂತ, ಅವಳಿಗಾಗಿ ಅಲ್ಲ.
ಅವಳೂ ನಿಂತೇ ಇದ್ದಳು.

ತೂತಿಗೆ ತೂತು ಕೂಡಿತು, ಬೋಲ್ಟು ಇಳಿಯಿತು.
ಕೈ ಎಳೆದುಕೊಳ್ಳಲಿಲ್ಲ; ಎಂಟು ನಿಮಿಷ
ಸರಪಳಿಯಲ್ಲಿ ತುಸು ತೂಕ ಹಿಡಿದೇ ಕಾದೆವು.
ಸ್ಟಿಕ್ಕರು ಬಿಳಿ.

ಬೆಳಗಿನ ನಮಾಜಿಗೆ ಹೊರಟ ಮುದುಕರೊಬ್ಬರು
ಬೇಲಿಯ ಬಳಿ ನಿಂತು ಕೇಳಿದರು: ಇದು ಯಾವಾಗ ಬಂತು?
ಈಗಷ್ಟೇ, ಅಂದೆ ಹರಕು ಅರಬ್ಬಿಯಲ್ಲಿ.
ಒಳಗೇನಿದೆ?
ಜನರ ಫೋಟೋ, ಸಾಲದ ಲೆಕ್ಕ, ಅಳಿಸಿದ ಮಾತುಗಳು,
ಇಷ್ಟಕ್ಕೆಲ್ಲ ನನ್ನ ಅರಬ್ಬಿ ಸಾಲದು.
ಸದ್ಯಕ್ಕೆ ಏನಿಲ್ಲ ಅಂದೆ. ತಲೆಯಾಡಿಸಿ ನಡೆದರು.

ಉಳಿದ ಸ್ಟಿಕ್ಕರೊಂದನ್ನು ಹೆಲ್ಮೆಟ್ಟಿಗೆ ಅಂಟಿಸಿಕೊಂಡಿದ್ದೆ, ತಮಾಷೆಗೆ.
ಕಂಪನಿ ಬಸ್ಸು ಹಮ್ರಿಯಾದ ಗೇಟಿನ ಉಬ್ಬು ಹಾರಿದಾಗ
ಮಡಿಲಲ್ಲಿದ್ದದ್ದು ಸೀಟಿನ ಕಂಬಿಗೆ ಬಡಿದು
ಕೆಂಪಾಯಿತು.
ಟಾರ್ಚು ಹಿಡಿದವರು ಯಾರೂ ಇರಲಿಲ್ಲ.
ಒಳಗೆ ಆಗಲೇ ಒಂಬತ್ತನೇ ಕೋಣೆಗೆ
ಕಬ್ಬಿಣ ಕೊಯ್ಯತೊಡಗಿದ್ದರು.